ಅತ್ತೆಗಾಗಿ ಎತ್ತಿದ ಎರಡು ಫರಸಿ

ಸಂಕಟದ ಕಾಲದಲ್ಲಿ ಮನುಷ್ಯನ ಒಳಗಿನ ಪ್ರತಿಭೆ ಹೊರಗೆ ಬರುತ್ತದಂತೆ. ಲಾಕ್‌ಡೌನಿನ ಆ ಬೇಸಿಗೆಯಲ್ಲಿ ನನ್ನ ಗೆಳೆಯರ ಪ್ರತಿಭೆಗಳೆಲ್ಲ ಮೊಬೈಲಿನಲ್ಲಿ ದಿನಾಲೂ ಹೊರಗೆ ಬರುತ್ತಿದ್ದವು. ವಾಡಿಯ ಗೆಳೆಯನೊಬ್ಬ ಒಡೆದ ಬಕೆಟ್ಟಿನಲ್ಲಿ ಟೊಮ್ಯಾಟೊ ಬೆಳೆದು, ಅದರ ಪಕ್ಕ ಎದೆಯುಬ್ಬಿಸಿ ನಿಂತು ಫೋಟೊ ಕಳಿಸಿದ. ಸೇಡಂನ ಇನ್ನೊಬ್ಬ ತೆಂಗಿನ ಚಿಪ್ಪಿನಲ್ಲಿ ನವಿಲು ಮಾಡಿದ. ಕೆಳಗೆ ‘ನವಿಲು’ ಎಂದು ಬರೆದಿದ್ದರಿಂದ ಅದು ನವಿಲೆಂದು ನಮಗೆಲ್ಲ ಗೊತ್ತಾಯಿತು. ನನ್ನ ಒಳಗಿನಿಂದ ಮಾತ್ರ ಏನೂ ಹೊರಬರಲಿಲ್ಲ. ಕಚೇರಿಯ ಗುಮಾಸ್ತನ ಒಳಗೆ ಏನಿರುತ್ತದೆ ಹೇಳಿ? ಆದರೂ ನಾನೂ ಒಂದು ತೋಟ ಮಾಡಿದೆ. ಹವ್ಯಾಸಕ್ಕಲ್ಲ, ಅತ್ತೆಗೆ ಹೆದರಿ.

ಹೆದರಿ ಎಂದ ಮಾತ್ರಕ್ಕೆ ಅವರು ಜೋರು ಬಾಯಿಯವರೆಂದು ತಿಳಿಯಬೇಡಿ. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರು ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಅವರ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂಡುವುದಿಲ್ಲ, ಮಾತಾಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ. ಹೇಳುವುದೇನಿದ್ದರೂ ಮಗಳ ಮೂಲಕ. “ಮಾದೇವಿ, ಅವರಿಗಿ ಊಟಕ್ಕ ಏಳ್ರಿ ಅಂತ ಹೇಳವ್ವ” ಎಂದು ಅಡುಗೆಮನೆಯಿಂದ ಅನ್ನುತ್ತಾರೆ. ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೂ ನನ್ನ ಹೆಂಡತಿ ಮಹಾದೇವಿ ಎರಡು ಹೆಜ್ಜೆ ಈಚೆ ಬಂದು, “ಅವ್ವ ಊಟಕ್ಕ ಏಳ್ರಿ ಅನ್ನಾಕತ್ತಾಳ” ಎಂದ ಮೇಲೆ ಏಳುವುದೇ ಮರ್ಯಾದೆ. ವರ್ಷಕ್ಕೆ ಮೂರು ದಿನದ ಮಟ್ಟಿಗೆ ಈ ವ್ಯವಸ್ಥೆ ಸೊಗಸಾಗಿ ನಡೆದಿತ್ತು.

ಆ ಸಲವೂ ಅವರು ದಂಡೋತಿಯಿಂದ ಶಹಾಬಾದಿನ ನಮ್ಮ ಮನೆಗೆ ಯುಗಾದಿಗೆಂದು ಮೂರು ದಿನಕ್ಕೇ ಬಂದವರು. ಕೈಚೀಲದಲ್ಲಿ ಎರಡು ಸೀರೆ. ಅವರು ಬಂದರು, ಬಸ್ಸುಗಳು ನಿಂತವು. ಮೂರು ಕೋಣೆಯ ಮನೆಯಲ್ಲಿ ಅತ್ತೆಗೆ ಎದುರಾಗದಂತೆ ಬದುಕುವುದು ಸುಲಭವಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ಗಂಡಸಾದವನು ಕೆಮ್ಮಿ ಸೂಚನೆ ಕೊಡಬೇಕು. ಆದರೆ ಆ ದಿನಗಳಲ್ಲಿ ಕೆಮ್ಮುವುದೆಂದರೇನು! ದಿನಕ್ಕೆ ಮೂವತ್ತು ಸಲ ನಾನು ಕೆಮ್ಮುವುದನ್ನು ಕೇಳಿ ಪಕ್ಕದ ಮನೆಯವರು ನಮ್ಮ ಕಡೆಯ ಕಿಟಕಿ ಭದ್ರಪಡಿಸಿಕೊಂಡರು.

ಮೊದಲ ಎರಡು ವಾರ ಕೌದಿ ನಮ್ಮನ್ನು ಕಾಪಾಡಿತು. ಅತ್ತೆ ಹಳೆಯ ಸೀರೆ, ಲುಂಗಿ ಕತ್ತರಿಸಿ, ತುಂಡಿಗೆ ತುಂಡು ಜೋಡಿಸಿ ಕೌದಿ ಹೊಲಿಯತೊಡಗಿದರು. ಹಳೆಯದೆಲ್ಲ ಬೇಗ ಮುಗಿಯಿತು. ಒಂದು ಮಧ್ಯಾಹ್ನ, “ಆ ಕಂದು ಪ್ಯಾಂಟು ಅವರು ಇನ್ನಾ ಹಾಕ್ಕೋತಾರೇನು ಕೇಳವ್ವ” ಎಂಬ ಪ್ರಶ್ನೆ ಬಂತು. ಕಚೇರಿಯೇ ಮುಚ್ಚಿರುವಾಗ ಏನೆಂದು ಹೇಳಲಿ? ಸಂಜೆಯೊಳಗೆ ಪ್ಯಾಂಟು ಜೇಬಿನ ಸಮೇತ ಕೌದಿಯ ನಟ್ಟನಡುವೆ ಕೂತಿತು.

ಕೌದಿ ಮುಗಿದದ್ದೇ ತಡ, ಅತ್ತೆ ಮಂಕಾದರು. ಹುಟ್ಟಿದಾಗಿನಿಂದ ಹೊಲದಲ್ಲಿ ದುಡಿದ ಜೀವ. ಹೊಸ್ತಿಲ ಹತ್ತಿರ ಕೂತು ಅಂಗಳ ನೋಡುತ್ತಿದ್ದರು. ಅಂಗಳದಲ್ಲಿ ನೋಡಲಿಕ್ಕೆ ಏನಿತ್ತು? ಕಲ್ಲು. ನಮ್ಮೂರಲ್ಲಿ ನೆಲ, ಕಟ್ಟೆ, ಕಪಾಟಿನ ಹಲಗೆ ಎಲ್ಲವೂ ಫರಸಿ ಕಲ್ಲೇ. ಒಂದು ಹುಲ್ಲುಕಡ್ಡಿಯೂ ಏಳಬಾರದೆಂದು ನಾನೇ ಮುಂದೆ ನಿಂತು ಗೋಡೆಯಿಂದ ಗೋಡೆಗೆ ಹಾಸಿಸಿದ್ದೆ. ಅತ್ತೆಯ ಊಟ ಅರ್ಧ ರೊಟ್ಟಿಗೆ ಇಳಿಯಿತು. ಕೊನೆಗೊಂದು ದಿನ ಒಳಗಿನಿಂದ ಮಾತು ಬಂತು: “ಮಣ್ಣು ಮುಟ್ಟಲಾರ್ದ ಕೈ ಸತ್ತಂಗ ಆಗ್ಯಾವ. ನಾಳಿ ನಸುಕಿನ್ಯಾಗ ಕಾಗಿಣಾ ಹೊಳಿ ದಂಡಿ ಹಿಡ್ದು ನಡ್ಕೋತ ಊರಿಗಿ ಹೋತೀನಿ ಅಂತ ಅವರಿಗಿ ಹೇಳವ್ವ.”

ಮಹಾದೇವಿ ಅಳುತ್ತಲೇ ಬಂದಳು. “ಎಪ್ಪತ್ತರ ಮುದುಕಿ, ಈ ಬಿಸಲಾಗ ನಡದ್ರ ಉಳೀತಾಳೇನ್ರಿ? ಏನರೆ ಮಾಡ್ರಿ!”

“ಎಂಟು ದಿನ ತಡೀಲಿಕ್ಕೆ ಹೇಳು. ಅವರ ಹೊಲಾನೇ ಇಲ್ಲಿಗೆ ತರಸ್ತೀನಿ” ಎಂದುಬಿಟ್ಟೆ.

ಹಾರೆ ಹಾಕಿ ಎರಡು ಫರಸಿ ಎತ್ತುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು. ಕಲ್ಲಿನ ಕೆಳಗೆ ಗರಸುಮಣ್ಣು, ಗರಸಿನ ಕೆಳಗೆ ಮತ್ತೆ ಕಲ್ಲು. ಹಿಂದಿನ ಖಾಲಿ ಜಾಗದಿಂದ ಬಕೆಟ್ಟಿನಲ್ಲಿ ಎರೆಮಣ್ಣು ತಂದು ತುಂಬಿದೆ. ಅಂಗಡಿಗಳೆಲ್ಲ ಮುಚ್ಚಿದ್ದವು, ಬೀಜ ಎಲ್ಲಿಂದ ತರಲಿ? ಅತ್ತೆಯದು ತೊಗರಿ ಹೊಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಡುಗೆಮನೆಯ ಡಬ್ಬಿಯಿಂದ ಗುಟ್ಟಾಗಿ ಒಂದು ಹಿಡಿ ತೊಗರಿ ತಂದು ಸಾಲಾಗಿ ಬಿತ್ತಿದೆ. ಅದಕ್ಕೆ ಸಿಪ್ಪೆ ಇರಲಿಲ್ಲ, ಒಂದೊಂದೂ ಅರ್ಧವೇ ಇತ್ತು ಎಂಬುದು ನನ್ನ ಗಮನಕ್ಕೆ ಬರಲಿಲ್ಲವೆಂದಲ್ಲ. ಎರಡು ಅರ್ಧ ಸೇರಿ ಒಂದಾಗುತ್ತದೆಂದು ಒಂದೊಂದು ಕುಣಿಗೆ ಎರಡೆರಡು ಹಾಕಿದೆ.

ದಿನಾಲೂ ಬೆಳಿಗ್ಗೆ ನೀರು ಹಾಕುತ್ತಿದ್ದೆ. ಅತ್ತೆ ಬಾಗಿಲ ಮರೆಯಿಂದ ನೋಡುತ್ತಿದ್ದರು. “ಏನು ಬಿತ್ಯಾರ ಕೇಳವ್ವ.” “ಎದ್ದ ಮ್ಯಾಲೆ ತಾನೇ ಗೊತ್ತಾಗತದ ಅಂತ ಹೇಳು.” ಕುತೂಹಲಕ್ಕೆ ಅವರ ಊಟ ಮತ್ತೆ ಒಂದು ರೊಟ್ಟಿಗೆ ಏರಿತು. ನನಗೋ ಜೀವದಲ್ಲಿ ಜೀವವಿಲ್ಲ. ಐದನೆಯ ದಿನ ಏನೂ ಇಲ್ಲ, ಏಳನೆಯ ದಿನ ಏನೂ ಇಲ್ಲ. ಎಂಟನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆಯ ಕೈಚೀಲ ತುಂಬಿ ಬಾಗಿಲಲ್ಲಿ ಕೂತಿತ್ತು. ಅತ್ತೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಮಣ್ಣು ಕೆದರುತ್ತಿದ್ದರು. ನಾನು ಕೆಮ್ಮಿದೆ. ಅವರು ಏಳಲಿಲ್ಲ. ಉಬ್ಬಿ ಕೊಳೆತ ಹಳದಿ ತುಣುಕೊಂದನ್ನು ಅಂಗೈಯಲ್ಲಿಟ್ಟು ದಿಟ್ಟಿಸಿದರು. ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ತಿರುಗಿದರು ನೋಡಿ, ನಗು! ಸೆರಗು ಜಾರಿ ಹೆಗಲಿಗೆ ಬಂದದ್ದೂ ಗೊತ್ತಿಲ್ಲ.

“ಅಯ್ಯ ಅಳಿಯಂದ್ರ, ಇದು ಬ್ಯಾಳಿ ಅದರಿ! ಬ್ಯಾಳಿ ಬಿತ್ತಿದ್ರ ಹುಟ್ತದೇನ್ರಿ? ಸ್ವಲ್ಪ ಒಗ್ಗರಣಿ ಕೊಟ್ಟು ಬಿತ್ತಬೇಕಾಗಿತ್ತು, ಸಾರರೆ ಆಗತಿತ್ತು! ಅದೂ ಯುಗಾದಿ ಬಿಸಲಾಗ ಯಾರ್ ಬಿತ್ತತಾರ ತೊಗರಿ?”

ಹದಿನಾಲ್ಕು ವರ್ಷಗಳಲ್ಲಿ ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು! ನಾಚಿಕೆಯಾಗಬೇಕಿತ್ತು. ಆದರೆ ಆದದ್ದು ಸಂತೋಷ. ಮಹಾದೇವಿ ನಕ್ಕು ನಕ್ಕು ಗೋಡೆ ಹಿಡಿದು ಕೂತಳು. ನಾನೂ ನಕ್ಕೆ. ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ಕೇಳಿದ ನಗು ಅದು.

ಕೈಚೀಲ ಒಳಗೆ ಹೋಯಿತು. ಆ ದಿನದಿಂದ ತೋಟದ ಆಡಳಿತವೆಲ್ಲ ಅತ್ತೆಯದು. “ಅಳಿಯಂದ್ರ, ಇನ್ನೆರಡು ಫರಸಿ ಎತ್ತರಿ.” “ಅಳಿಯಂದ್ರ, ನೀರು ಹಂಗ ಸುರೀಬ್ಯಾಡ್ರಿ, ಚಿಮುಕಿಸ್ರಿ.” ಅದೇ ಅಡುಗೆಮನೆಯ ಡಬ್ಬಿಗಳಿಂದ ಮೆಂತ್ಯ ತಂದು ಬಿತ್ತಿದರು. ನಾಲ್ಕನೆಯ ದಿನಕ್ಕೆ ಸಾಲು ಹಿಡಿದು ಹಸಿರು ಎದ್ದಿತು. ಬಿಸಿಲಿಗೆ ಬಾಡಬಾರದೆಂದು ಕೌದಿಯನ್ನೇ ಹಗ್ಗಕ್ಕೆ ಕಟ್ಟಿ ನೆರಳು ಮಾಡಿದರು. ನನ್ನ ಪ್ಯಾಂಟು ಕಚೇರಿಯಲ್ಲಿ ಎಂದೂ ಮಾಡದ ಉಪಕಾರವನ್ನು ಅಲ್ಲಿ ಮಾಡಿತು. ಅಂಗಳದ ಮೆಂತ್ಯಪಲ್ಯದೊಡನೆ ಅತ್ತೆ ಎರಡೂವರೆ ರೊಟ್ಟಿ ಉಂಡರು. ಬಸ್ಸು ಶುರುವಾದ ಮೇಲೂ, “ಇನ್ನೊಂದು ಮಡಿ ಕೊಯ್ಯೂದದ” ಎಂದು ಹತ್ತು ದಿನ ಉಳಿದರು.

ಹೊರಡುವ ದಿನ ಬಂತು. ಬಾಗಿಲಲ್ಲಿ ನಿಂತು ಅತ್ತೆ ಮೆಲ್ಲಗೆ, “ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಆ ಮೀಸಿ ತಗದುಬಿಡ್ರಿ. ಮದಿವಿ ಆದಾಗಿಂದ ಹೇಳಿ ಕಳಸಾಕತ್ತೀನಿ, ಭಾಳ ಕೆಟ್ಟ ಕಾಣತದ” ಎಂದರು.

ನಾನು ಮಹಾದೇವಿಯತ್ತ ನೋಡಿದೆ. “ನಿಮ್ಮ ಮೀಸಿ ಅವ್ವಗ ಭಾಳ ಹಿಡಿಸ್ಯದಂತ್ರಿ” ಎಂದು ಪ್ರತಿವರ್ಷ ಬಂದು ಹೇಳಿದವಳು ಅವಳೇ. ಆ ಧೈರ್ಯದ ಮೇಲೆಯೇ ನಾನು ಅದಕ್ಕೆ ಎಣ್ಣೆ ಹಚ್ಚಿ ತೀಡಿ ಸಾಕಿದ್ದು. ಮಹಾದೇವಿ ಈಗ ಬಹಳ ಆಸಕ್ತಿಯಿಂದ ಮೆಂತ್ಯದ ಮಡಿ ನೋಡುತ್ತಿದ್ದಳು.

ನನ್ನ ಹಾಡು, ನನ್ನ ಚಹಾ, ನನ್ನ ಬುದ್ಧಿವಂತಿಕೆ, ಇವೆಲ್ಲವುಗಳ ಬಗ್ಗೆಯೂ ಅತ್ತೆಯ ಹೊಗಳಿಕೆಗಳು ಇದೇ ದಾರಿಯಲ್ಲಿ ನನಗೆ ತಲುಪಿವೆ. ನಿಜವಾಗಿ ಅವರು ಏನೆಂದಿದ್ದರೆಂದು ಈಗ ಒಂದು ಫೋನು ಮಾಡಿ ಕೇಳಬಹುದು. ಕೇಳಿಲ್ಲ. ಕೇಳಿದರೆ ಅವರು ಈಗ ನೇರವಾಗಿ ನನಗೇ ಹೇಳಿಬಿಡುತ್ತಾರೆ.