ಅರ್ಧ ಸೌಟಿನ ದುಃಖ

ಮರ್ಡೊ ಗೆಡ್ಡಿಸ್ ಮೊದಲ ಸಲ ಊರು ಬಿಟ್ಟು ನಡೆದದ್ದು ೧೯೭೯ನೆಯ ಇಸವಿ ನವೆಂಬರ್ ಹದಿಮೂರನೆಯ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಗಣಿತದ ತರಗತಿಯ ನಡುವೆ. ಇದು ಡ್ರಮ್‌ಫೆರ್ಗಿ ಪುರಸಭೆಯ ದಾಖಲೆಯಲ್ಲಿರುವ ವಿಷಯ. ಆಹಾರ ಮಳಿಗೆಯ ಪರವಾನಗಿ ಅರ್ಜಿಯ ಒಂಬತ್ತನೆಯ ಅಂಕಣದಲ್ಲಿ, "ಅರ್ಜಿದಾರರು ಈ ಹಿಂದೆ ಯಾವುದಾದರೂ ಸ್ಥಳವನ್ನು ಹೇಳದೆ ಕೇಳದೆ ತೊರೆದಿದ್ದಾರೆಯೇ? ಹೌದಾದಲ್ಲಿ ದಿನಾಂಕ ಮತ್ತು ವೇಳೆಯನ್ನು ನಮೂದಿಸುವುದು" ಎಂದಿತ್ತು. ಬರೆಯಲು ಕೊಟ್ಟ ಜಾಗ ಒಂದೇ ಗೆರೆ. ಮರ್ಡೊ ಅಲ್ಲಿ ಮೊದಲನೆಯದನ್ನು ಬರೆದು, ಉಳಿದ ಇಪ್ಪತ್ತಮೂರನ್ನು ಹಾಳೆಯ ಬೆನ್ನಿಗೆ ಬರೆದ.

ಮೀನಿನ ದೋಣಿಯ ಒಲೆ, ರಸ್ತೆ ಕೆಲಸದವರ ಬಿಡಾರ, ಸಮುದ್ರದ ನಡುವೆ ನಿಂತ ಎಣ್ಣೆ ಬಾವಿಯ ಕ್ಯಾಂಟೀನು, ಹೀಗೆ ಎಲ್ಲೆಲ್ಲೋ ಬೇಯಿಸಿ ಹಾಕಿದ ಆಸಾಮಿ. ಎಲ್ಲೂ ಎರಡು ಚಳಿಗಾಲ ನಿಂತವನಲ್ಲ. ಡ್ರಮ್‌ಫೆರ್ಗಿಯಲ್ಲಿ ಮಾತ್ರ ಆರು ಕಳೆದಿದ್ದವು. ಕಾರಣ ದೊಡ್ಡದೇನಲ್ಲ. ಬಸ್ಸು ಬದಲಾಯಿಸಲು ಅವನು ಇಲ್ಲಿ ಇಳಿದ ಶನಿವಾರ, ಊರಿನ ಫುಟ್‌ಬಾಲ್ ತಂಡ ರೋವರ್ಸ್ ತನ್ನ ಮೈದಾನದಲ್ಲೇ ಸೊನ್ನೆಗೆ ಆರು ಗೋಲು ತಿಂದು ಕೂತಿತ್ತು. ಏಳನೆಯದು ಬಂತು. ವಾರವೆಲ್ಲ ಊರಿನ ಕೊಳಾಯಿ ರಿಪೇರಿ ಮಾಡುವ ಗೋಲ್‌ಕೀಪರ್ ಗ್ರೆಗರ್ ಅದಕ್ಕೂ ಕೆಸರಿನಲ್ಲಿ ಉದ್ದಕ್ಕೆ ಹಾರಿ ಬಿದ್ದ. ಹಾರು ಅಂತ ಯಾರೂ ಅಂದಿರಲಿಲ್ಲ. ಚೆಂಡು ಸಿಗಲೂ ಇಲ್ಲ. ಇಂಥ ಜನಕ್ಕೆ ಬಿಸಿಯಾಗಿ ಏನಾದರೂ ಹಾಕಬೇಕು ಅನ್ನಿಸಿ ಮರ್ಡೊ ಚೀಲ ಇಳಿಸಿದ.

ಅವನು ಹಾಕಿದ್ದು ಸ್ಟೋವೀಸ್. ಆಲೂಗಡ್ಡೆ, ಈರುಳ್ಳಿ, ಭಾನುವಾರ ಹುರಿದ ಮಾಂಸದಿಂದ ಇಳಿದ ಕೊಬ್ಬು, ಮಿಕ್ಕ ಚೂರುಪಾರು. ಮುಚ್ಚಳ ಹಾಕಿ, ಎಲ್ಲ ಒಂದರೊಳಗೊಂದು ಕರಗುವವರೆಗೂ ಸಣ್ಣ ಉರಿಯಲ್ಲಿ ಬಿಡುವುದು. ನೋಡಲು ಏನೇನೂ ಚೆನ್ನಾಗಿರುವುದಿಲ್ಲ. ಪಕ್ಕಕ್ಕೆ ಓಟ್ಸಿನ ಗಟ್ಟಿ ರೊಟ್ಟಿ, ಎರಡು ಬಿಲ್ಲೆ ಹುಳಿ ಬೀಟ್‌ರೂಟು. ಮೈದಾನದ ಆಚೆ ತುದಿಯಲ್ಲಿ ಕ್ಲಬ್ಬಿನದೇ ಮಾಂಸದ ಪೈ ಅಂಗಡಿಯಿತ್ತು. ಪೈಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈ ಬೀಸಿ ರೆಫರಿಯನ್ನು ಬಯ್ಯಬಹುದು. ಸ್ಟೋವೀಸ್‌ಗೆ ಎರಡೂ ಕೈ ಬೇಕು. ಆದರೂ ಜನ ಬಯ್ಗುಳವನ್ನು ಸ್ವಲ್ಪ ಹೊತ್ತು ಮುಂದೂಡಿ ಬಂದರು.

ಆರನೆಯ ವರ್ಷ ಪರವಾನಗಿ ಕಡ್ಡಾಯವಾಯಿತು. ಅರ್ಜಿಯ ಹನ್ನೆರಡನೆಯ ಅಂಕಣ: ಆಹಾರದ ವರ್ಗ. ಮರ್ಡೊಗೆ ತೋಚಲಿಲ್ಲ. ಮೈದಾನದ ಮುಂದಿನ ಬೆಂಚಿಗೆ ಸ್ವಂತ ದಿಂಬು ತಂದು ಕೂರುವ, ಎಪ್ಪತ್ತೆಂಟರ ಸೆಂಗಾ ಅಜ್ಜಿಯನ್ನು ಕೇಳಿದ.

"ಸೋತು ಮನೆಗೆ ಹೋಗೋಕೆ ಮುಂಚೆ ಒಂದು ತಟ್ಟೆ ತಿಂದ್ರೆ ಸಮಾಧಾನ ಆಗ್ತದಲ್ಲ ಮಗಾ," ಅಂದಳು ಅಜ್ಜಿ. "ಸಮಾಧಾನದ ಊಟ ಅಂತ ಬರಿ."

ಬರೆದ. ಮೂರು ವಾರದಲ್ಲಿ ಪುರಸಭೆಯ ಆಹಾರ ಶಾಖೆಯ ಅಧಿಕಾರಿ ಆರ್ಚಿಬಾಲ್ಡ್ ಪಿಟ್ಕೆತ್ಲಿಯವರ ಸಹಿಯೊಂದಿಗೆ ಪರವಾನಗಿ, ಜೊತೆಗೊಂದು ಪತ್ರ ಬಂತು.

"ತಾವು ಕೋರಿರುವ 'ಸಮಾಧಾನ' ವರ್ಗವು ನಿಯಮಾವಳಿಯ ಹದಿನಾಲ್ಕನೆಯ ಅನುಸೂಚಿಯಡಿ ಬರುತ್ತದೆ. ಸದರಿ ಅನುಸೂಚಿಯು ಶವಸಂಸ್ಕಾರದ ತರುವಾಯ ನೀಡಲಾಗುವ ಉಪಾಹಾರಕ್ಕೆ ಸಂಬಂಧಿಸಿದ್ದು, ದುಃಖದಲ್ಲಿರುವವರಿಗೆ ಮಾತ್ರ ಬಡಿಸತಕ್ಕದ್ದು. ಸಂತೋಷದಲ್ಲಿರುವ ವ್ಯಕ್ತಿಗೆ ಬಡಿಸಿದ್ದು ಕಂಡುಬಂದಲ್ಲಿ ಪಾತ್ರೆಯನ್ನು ಜಪ್ತಿ ಮಾಡಲಾಗುವುದು."

ಮರ್ಡೊ ಪತ್ರ ಹಿಡಿದು ಕಚೇರಿಗೆ ಹೋದ.

"ಪೈ ಅಂಗಡಿಗೆ ಈ ತರ ಏನೂ ಇಲ್ವಲ್ಲ ಸಾಹೇಬ್ರೆ?"

"ಪೈ ತಿಂಡಿ. ತಿಂಡಿಗೆ ಭಾವನೆ ಬೇಕಾಗಿಲ್ಲ."

"ಹಂಗಾದ್ರೆ ನಂದೂ ತಿಂಡಿ ಅಂತ ತಿದ್ದಿಬಿಡಿ."

"ಅಗತ್ಯವಾಗಿ. ತಿದ್ದುಪಡಿ ಸಮಿತಿ ನಾಲ್ಕು ವರ್ಷಕ್ಕೊಂದು ಸಲ ಕೂರ್ತದೆ. ಹೋದ ತಿಂಗಳು ಕೂತು ಎದ್ದಿದೆ."

"ಮೈದಾನದಲ್ಲಿ ಯಾರು ದುಃಖದಲ್ಲಿದ್ದಾರೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಪಿಟ್ಕೆತ್ಲಿ ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ, ಇಡೀ ಸೇವಾವಧಿಯಲ್ಲಿ ಒಂದು ದಿನ ತಡವಾಗಿ ಬಂದವರಲ್ಲ. "ಸ್ಕೋರು ನೋಡಿದ್ರೆ ಗೊತ್ತಾಗಲ್ವೆ, ಗೆಡ್ಡಿಸ್ ಅವರೇ?" ಅಂದರು.

ಮುಂದಿನ ಶನಿವಾರದಿಂದ ಅವರು ಮಡಚುವ ಕುರ್ಚಿ ತಂದು ಪಾತ್ರೆಯ ಪಕ್ಕ ಕೂತರು. ಕೈಯಲ್ಲೊಂದು ಹಲಗೆ. ಒಂದು ಮೈಯಲ್ಲಿ 'ದುಃಖ ಇದೆ', ಇನ್ನೊಂದರಲ್ಲಿ 'ದುಃಖ ಇಲ್ಲ'. ಮೊದಲೆರಡು ವಾರ ಯಾರಿಗೂ ತೊಂದರೆಯಾಗಲಿಲ್ಲ. ರೋವರ್ಸ್ ಹನ್ನೊಂದನೆಯ ನಿಮಿಷದೊಳಗೆ ಹಿಂದೆ ಬಿದ್ದು, ಕೊನೆಯವರೆಗೂ ಹಿಂದೆಯೇ ಇದ್ದು, ಊರಿಗೆ ಹೊಟ್ಟೆ ತುಂಬ ಹಾಕಿಸಿತು.

ಮೂರನೆಯ ಶನಿವಾರ ಗಾಳಿಗೆ ಸಿಕ್ಕ ಚೆಂಡೊಂದು ತಾನಾಗಿ ಎದುರಾಳಿಯ ಬಲೆಯೊಳಗೆ ಹೋಗಿ ಒಂದಕ್ಕೆ ಒಂದು ಸಮ ಆಯಿತು. ಹಲಗೆ ತಿರುಗಿತು. ಸೆಂಗಾ ಅಜ್ಜಿಯ ತಟ್ಟೆಯ ಮೇಲೆ ಬಂದಿದ್ದ ಸೌಟು ಅಲ್ಲೇ ನಿಂತಿತು.

"ಸೌಟು ಇಳಿಸಿ," ಅಂದರು ಪಿಟ್ಕೆತ್ಲಿ.

"ಲೇ ಆರ್ಚಿ, ನಿನ್ನ ಚಡ್ಡಿ ಒಗೆದವಳು ಕಣೋ ನಾನು. ನಂಗೆ ಗಂಡ ಸತ್ತು ಒಂಬತ್ತು ವರ್ಷ ಆಯ್ತು. ಆ ದುಃಖ ನಡೆಯಲ್ವಾ?"

"ಪಂದ್ಯಕ್ಕೆ ಸಂಬಂಧಪಟ್ಟ ದುಃಖ ಮಾತ್ರ ಸೆಂಗಮ್ಮಾ."

"ಅವರೂ ರೋವರ್ಸ್ ನೋಡ್ತಾ ನೋಡ್ತಾನೇ ಹೋದದ್ದು."

ಪಿಟ್ಕೆತ್ಲಿ ಇದನ್ನು ಬರೆದುಕೊಂಡರು. ಸೋಮವಾರ ಸ್ಪಷ್ಟೀಕರಣ ಹೊರಬಿತ್ತು: ಪಂದ್ಯ ಸಮನಾಗಿರುವಾಗ ದುಃಖವೂ ಅರ್ಧವಿರುವುದರಿಂದ ಅರ್ಧ ಸೌಟು; ಪಂದ್ಯ ವೀಕ್ಷಿಸುತ್ತಾ ಮೃತಪಟ್ಟವರ ಸಮೀಪದ ಬಂಧುಗಳಿಗೆ, ಮೃತರ ಅಂದಿನ ಟಿಕೆಟ್ ಹಾಜರುಪಡಿಸಿದಲ್ಲಿ, ಪೂರ್ಣ ಸೌಟು. ಅಜ್ಜಿ ಟಿಕೆಟ್ಟನ್ನು ಮನೆಯೆಲ್ಲ ಹುಡುಕಿದಳು. ಅದು ಗಂಡನ ಕೋಟಿನ ಜೇಬಿನಲ್ಲೇ ಹೋಗಿತ್ತು, ಕೋಟು ಗಂಡನ ಜೊತೆ ಹೋಗಿತ್ತು.

ಜನವರಿ ಬಂತು. ಸಮುದ್ರದ ಕಡೆಯಿಂದ ಬೀಸುವ ಗಾಳಿ ಕಿವಿ ಕೊಯ್ಯತೊಡಗಿತು. ಅಂಥದ್ದರಲ್ಲಿ ಒಂದು ಶನಿವಾರ ರೋವರ್ಸ್ ಒಂದು ಗೋಲು ಮುಂದೆ ಹೋಗಿ, ಮುಂದೆಯೇ ಉಳಿಯಿತು. ಪಾತ್ರೆಯಿಂದ ಹಬೆ ಏಳುತ್ತಿತ್ತು. ಮುನ್ನೂರು ಜನ ಖಾಲಿ ತಟ್ಟೆ ಹಿಡಿದು ಸಂತೋಷದಲ್ಲಿ ನಡುಗುತ್ತಿದ್ದರು.

"ಗ್ರೆಗರ್," ಅಂತ ಹಿಂದಿನಿಂದ ಒಬ್ಬ ಕೂಗಿದ, "ಒಂದು ಬಿಡೋ ಮಾರಾಯ, ಕಾಲು ಮರಗಟ್ಟೋಗಿದೆ."

ಗ್ರೆಗರ್ ಸುತ್ತ ನೋಡಿದ. ಊರಿನ ಕೊಳಾಯಿಗಳೆಲ್ಲ ಅಲ್ಲಿ ನಿಂತಿದ್ದವರ ಮನೆಯವೇ. ಒಂದು ಬಿಟ್ಟ. ಚಪ್ಪಾಳೆ ಬಿತ್ತು. ಇನ್ನೊಂದು ಬಿಟ್ಟ. ಹಲಗೆ ತಿರುಗಿತು. ಅಂದು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಫೆಬ್ರವರಿ ಮುಗಿಯುವ ಹೊತ್ತಿಗೆ ರೋವರ್ಸ್ ಒಂದಾದ ಮೇಲೊಂದು ಪಂದ್ಯ ಸೋತಿತ್ತು, ನೋಡಲು ಬರುವವರು ಮೂರು ಪಟ್ಟಾಗಿದ್ದರು, ಕ್ಲಬ್ಬಿನ ಆಡಳಿತ ಮಂಡಳಿ ಆಟಗಾರರನ್ನು ಅಭಿನಂದಿಸಿ ನಿರ್ಣಯ ಅಂಗೀಕರಿಸಿತ್ತು. ಮಂಗಳವಾರದ ಅಭ್ಯಾಸದಲ್ಲಿ ಗ್ರೆಗರ್‌ಗೆ ಪಕ್ಕಕ್ಕೆ ಸರಿಯುವುದನ್ನು ಹೇಳಿಕೊಡಲಾಗುತ್ತಿತ್ತು.

ಆಮೇಲೆ, ಮುಂದಿನ ಶನಿವಾರ ಆಡಲು ಬರಲಿದ್ದ ಸ್ಟ್ರಾಥ್‌ಗರ್ವಿಯ ತಂಡ ಮನವಿ ಸಲ್ಲಿಸಿತು. ಎರಡು ಗಂಟೆ ಬಸ್ಸಿನಲ್ಲಿ ಚಳಿ ತಿಂದು ಬರುವ ನಾವು ಸೋತರೆ ನಮ್ಮದು ದುಃಖವಲ್ಲವೇ, ಎಂದು. ಪಿಟ್ಕೆತ್ಲಿ ಕಡತ ನೋಡಿ, ದುಃಖಕ್ಕೆ ಪುರಸಭೆಯ ಗಡಿ ಅನ್ವಯಿಸುವುದಿಲ್ಲವೆಂದು ಷರಾ ಬರೆದರು. ಹಾಗಾಗಿ ಆ ಶನಿವಾರ ಎರಡೂ ತಂಡದವರು ತಮ್ಮ ತಮ್ಮ ಬಲೆಗೇ ಚೆಂಡು ಹೊಡೆಯತೊಡಗಿದರು. ಎದುರಾಳಿಗಳು ಬಹಳ ಶ್ರಮಪಟ್ಟು ಅದನ್ನು ತಡೆದರು. ಪಂದ್ಯ ಒಂಬತ್ತಕ್ಕೆ ಒಂಬತ್ತರಲ್ಲಿ ಮುಗಿಯಿತು. ಎಲ್ಲರಿಗೂ ಅರ್ಧ ಸೌಟು. ಇಷ್ಟು ಗೋಲು ನೋಡಿ ನಕ್ಕ ಮೂವರ ತಟ್ಟೆಯನ್ನು ಪಿಟ್ಕೆತ್ಲಿ ವಾಪಸು ಪಡೆದರು.

ಮರ್ಡೊನ ಪಾತ್ರೆ ಹಿಂದೆಂದೂ ಇಷ್ಟು ಬೇಗ ಖಾಲಿಯಾಗಿರಲಿಲ್ಲ. ಆದರೆ ಮುಂದಿನ ವಾರ ಸೆಂಗಾ ಅಜ್ಜಿ ಅರ್ಧ ತಿಂದ ತಟ್ಟೆಯನ್ನು ತಂದಿಟ್ಟಳು.

"ಉಪ್ಪು ಕಮ್ಮಿಯಾ ಅಜ್ಜಿ?"

"ಉಪ್ಪು ಸರಿ ಇದೆ ಮಗಾ. ಸೋತದ್ದು ಸರಿ ಇಲ್ಲ. ಮುಂಚೆ ಈ ಮುಂಡೇವು ಗೆಲ್ಲಕ್ಕೆ ಹೋಗಿ ಸೋಲ್ತಿದ್ವು. ಆವಾಗ ಇದು ಎದೆಗೆ ಹತ್ತೋದು."

ಮರ್ಡೊ ತಾನು ಈ ಊರಲ್ಲಿ ಚೀಲ ಇಳಿಸಿದ್ದು ಯಾಕೆ ಅಂತ ಯೋಚಿಸಿದ. ಗ್ರೆಗರ್‌ನ ಆ ಒಂದು ಜಿಗಿತಕ್ಕೆ. ಅದಿಲ್ಲದಿದ್ದರೆ ಆಲೂಗಡ್ಡೆ ಎಲ್ಲಿಟ್ಟರೂ ಬೇಯುತ್ತದೆ. ಮಂಗಳವಾರ ಗ್ರೆಗರ್‌ನನ್ನು ಹಿಡಿದ.

"ಈ ಶನಿವಾರ ಒಂದೇ ಒಂದು ಚೆಂಡಿಗೆ ಹಾರೋ ಗ್ರೆಗರ್. ನನ್ನ ಪಾತ್ರೆ ತಣ್ಣಗಾದ್ರೂ ಚಿಂತೆಯಿಲ್ಲ. ಹಾರಿದ್ರೆ ಈ ಊರಲ್ಲೇ ಉಳೀತೀನಿ."

"ಹಾರ್ಬಹುದು," ಅಂದ ಗ್ರೆಗರ್. "ಆಮೇಲೆ ತಟ್ಟೆ ಯಾಕೆ ಖಾಲಿ ಅಂತ ನಮ್ಮಮ್ಮನಿಗೆ ನೀನೇ ಹೇಳ್ಬೇಕು."

ಶನಿವಾರ ಚೆಂಡು ಬಂತು. ಹಿಡಿದುಕೊಳ್ಳಿ ಎಂದು ಬೇಡಿಕೊಳ್ಳುವಷ್ಟು ನಿಧಾನವಾಗಿ ಬಂತು. ಗ್ರೆಗರ್ ಮರ್ಡೊನ ಕಡೆ ನೋಡಿದ. ತಟ್ಟೆ ಹಿಡಿದ ಸಾಲಿನ ಕಡೆ ನೋಡಿದ. ಸಾಲಿನ ಮುಂದೆ ಅವನ ತಾಯಿ. ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದ. ಮೈದಾನ ಸಂಭ್ರಮಿಸಿತು, ತಕ್ಷಣ ಪಿಟ್ಕೆತ್ಲಿಯವರನ್ನು ನೋಡಿ ಮುಖ ಸಪ್ಪೆ ಮಾಡಿಕೊಂಡಿತು. ಮರ್ಡೊ ಎಲ್ಲರಿಗೂ ಪೂರ್ಣ ಸೌಟು ಬಡಿಸಿದ.

ಸೋಮವಾರ ಪರವಾನಗಿಯನ್ನು ಪಿಟ್ಕೆತ್ಲಿಯವರ ಮೇಜಿನ ಮೇಲಿಟ್ಟ. "ಹೊರಟಿದ್ದೀನಿ."

"ಈ ಸಲ ಹೇಳಿ ಹೋಗ್ತಿದ್ದೀರಿ. ಹಾಗಾಗಿ ಒಂಬತ್ತನೇ ಅಂಕಣಕ್ಕೆ ಬರಲ್ಲ," ಅಂದರು ಪಿಟ್ಕೆತ್ಲಿ ಮೆಚ್ಚುಗೆಯಿಂದ. ಆಮೇಲೆ ಪುಟ ತಿರುಗಿಸಿದರು. "ಆದರೆ ತಮ್ಮ ನಿರ್ಗಮನದಿಂದ ಊರಿಗೆ ದುಃಖ ಆಗ್ತದೆ. ದುಃಖಿತರಿಗೆ ಸಮಾಧಾನದ ಊಟ ಬಡಿಸಲೇಬೇಕು."

"ಯಾರು ಮಾಡ್ತಾರೆ?"

"ನಮ್ಮ ವ್ಯಾಪ್ತಿಯಲ್ಲಿ ಆ ವರ್ಗದ ಪರವಾನಗಿ ಇರೋದು ಒಬ್ಬರಿಗೇ."

"ನಾನು ಹೋದ್ಮೇಲೆ ಪಾತ್ರೆನೇ ಇರಲ್ಲ. ಆವಾಗಾದ್ರೂ ಹುಡುಗ್ರು ಗೆಲ್ಲಕ್ಕೆ ಆಡ್ತಾರಾ?"

"ಸೋಲನ್ನ ಈಗ ವಾರ್ಷಿಕ ವೇಳಾಪಟ್ಟಿಗೆ ಸೇರಿಸಿಯಾಗಿದೆ, ಗೆಡ್ಡಿಸ್ ಅವರೇ. ತೆಗೀಬೇಕಾದ್ರೆ ತಿದ್ದುಪಡಿ ಸಮಿತಿ ಕೂರ್ಬೇಕು."

ಬುಧವಾರ ಮಧ್ಯಾಹ್ನ, ಪುರಸಭೆಯ ಪ್ರಕಟಣೆಯಂತೆ, ಮರ್ಡೊ ತನ್ನ ಹೋಗುವಿಕೆಗೆ ತಾನೇ ಬೇಯಿಸಿದ. 'ದುಃಖ ಇದೆ' ಹಲಗೆ ನೆಟ್ಟಿತ್ತು. ಊರು ಸಾಲಾಗಿ ಬಂದು, ದುಃಖಿತರ ಹೆಸರಿಗೆಂದು ಪಿಟ್ಕೆತ್ಲಿ ಇಟ್ಟಿದ್ದ ಪುಸ್ತಕದಲ್ಲಿ ಸಹಿ ಹಾಕಿ ತಟ್ಟೆ ಒಡ್ಡಿತು. "ನೀನಿಲ್ದೆ ಹೆಂಗಿರೋದೋ ಏನೋ," ಅಂದ ಗ್ರೆಗರ್, "ಇನ್ನೊಂದು ಸ್ವಲ್ಪ ಹಾಕು." ಅವನ ತಾಯಿ, ಮುಂದಿನ ಬುಧವಾರ ಯಾರು ಊರು ಬಿಡುತ್ತಾರೆಂದು ಪಿಟ್ಕೆತ್ಲಿಯವರನ್ನು ವಿಚಾರಿಸಿದಳು. ಅದಕ್ಕೊಂದು ಪಟ್ಟಿ ತಯಾರಾಗುತ್ತಿದೆ ಎಂಬ ಉತ್ತರ ಸಿಕ್ಕಿತು. ಸೆಂಗಾ ಅಜ್ಜಿ ದಿಂಬಿನ ಮೇಲೆ ಕೂತು ತಟ್ಟೆ ಬಳಿದು ತಿಂದಳು.

"ಇವತ್ತು ಎದೆಗೆ ಹತ್ತಿತು ಮಗಾ," ಅಂದಳು.

ಎಲ್ಲರೂ ಹೋದ ಮೇಲೆ ತಳದಲ್ಲಿ ಕಂದು ಬಣ್ಣಕ್ಕೆ ಹಿಡಿದುಕೊಂಡದ್ದು ಸ್ವಲ್ಪ ಉಳಿದಿತ್ತು. ರುಚಿಯೆಲ್ಲ ಅಲ್ಲೇ ಇರುವುದು. ಮರ್ಡೊ ಸೌಟು ಹಾಕಿದ. ಪಿಟ್ಕೆತ್ಲಿ ಪುಸ್ತಕ ಅವನ ಕಡೆ ತಿರುಗಿಸಿದರು.

"ತಮಗೆ ದುಃಖ ಇದೆಯೇ?"

ಇಪ್ಪತ್ತನಾಲ್ಕು ಊರು ಬಿಟ್ಟಿದ್ದ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಇಲ್ಲ," ಅಂದ, ಅಭ್ಯಾಸಬಲದಿಂದ.

"ಹಾಗಾದ್ರೆ ತಮಗೆ ಬಡಿಸೋ ಹಾಗಿಲ್ಲ."

ಮರ್ಡೊ ಪಾತ್ರೆಯ ತಳ ನೋಡಿದ. ಖಾಲಿ ಮೈದಾನ ನೋಡಿದ. ಗೋಲಿನ ಮುಂದೆ, ಗ್ರೆಗರ್ ಹಿಂದೆ ಹಾರಿ ಬೀಳುತ್ತಿದ್ದ ಜಾಗದಲ್ಲಿ, ಹುಲ್ಲು ಚೆನ್ನಾಗಿ ಬೆಳೆದಿತ್ತು.

"ಪಂದ್ಯ ಸಮ ಅಂತ ಬರ್ಕೊಳ್ಳಿ," ಅಂದ.

ಪಿಟ್ಕೆತ್ಲಿ ಬರೆದುಕೊಂಡು ತಲೆಯಾಡಿಸಿದರು. ಮರ್ಡೊ ಅರ್ಧ ಸೌಟು ಹಾಕಿಕೊಂಡು ನಿಂತೇ ತಿಂದ, ಪಾತ್ರೆ ತಿಕ್ಕಿ ಬೋರಲು ಹಾಕಿದ, ಸೌಟು ಒರೆಸಿ ಕಾಲುಚೀಲಗಳ ನಡುವೆ ತುರುಕಿ, ಚೀಲದ ಬಾಯಿ ಕಟ್ಟತೊಡಗಿದ.