ನಮ್ಮ ವಾರಗಿತ್ತಿಯ ತಲೆ

ನನಗಾಗ ಅರವತ್ತೆರಡು, ಈಗ್ಗೆ ಆರು ವರ್ಷದ ಹಿಂದಿನ ಮಾತು. ದೇವರಿಗೇ ಬುದ್ಧಿ ಹೇಳುವ ಹೆಂಗಸು ಆಗ ಸಿದ್ದಾಪುರದಲ್ಲಿ ಒಬ್ಬಳೇ ಇದ್ದಳು. ಅವಳು ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಭಾವ ತೀರಿಕೊಂಡ ಮೇಲೂ ಆಚೆಮನೆಯಲ್ಲೇ ವಾಸ. ನನ್ನ ಗ್ರಹಚಾರ!

ದೇವಸ್ಥಾನದಲ್ಲಿ ಪ್ರಸಾದ ಕೇಳುತ್ತಾರಲ್ಲ, ಮೂರ್ತಿಯ ಮೇಲಿನ ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ ಎಂದು? ಮೊಣಕಾಲಿನ ಆಪರೇಶನ್ ಮಾಡಿಸಲೋ ಎಂದು ಇವಳು ಕೇಳಿದಳು. ಹೂ ಎಡಕ್ಕೆ ಬಿತ್ತು. "ದೇವ್ರು ಬೇಡ ಹೇಳಿದ್ದ" ಎಂದರು ಭಟ್ಟರು. ಇವಳು ಬಿಟ್ಟಾಳೆಯೇ?

"ಯಾರ ಎಡ ಭಟ್ರೇ? ದೇವ್ರ ಎಡವಾ, ನಿಮ್ಮ ಎಡವಾ?"

"ಹಂಗೆಲ್ಲ ಕೇಳಲಾಗ ಅಮ್ಮಾ. ಹೂವು ನಂಬ್ಬೇಕು."

"ಹೂವು ಕೊಟ್ಟವ್ನೇ ತಲೆನೂ ಕೊಟ್ಟಿದ್ದ. ಹೂವು ನಂಬಿ ತಲೆ ನಂಬದಿದ್ರೆ ಅವಂಗೇ ಅವಮಾನ!"

ಆಪರೇಶನ್ ಮಾಡಿಸಿಕೊಂಡು ಬಂದು ನನಗಿಂತ ಜೋರಾಗಿ ನಡೆದಳು. ಹೊಟ್ಟೆ ಉರಿಯದೇ ಇರುತ್ತದೆಯೇ?

ಅದನ್ನಾದರೂ ಸಹಿಸಬಹುದು. ನನ್ನ ಗಂಡ ನಿವೃತ್ತ ಮಾಸ್ತರು, ದೇವರನ್ನು ನಂಬದವರು. ನನ್ನ ಹತ್ತಿರ ಆಡುವುದು "ಚಾ", "ಊಟ", "ಟವೆಲ್", ಇಷ್ಟೇ. ಸಂಜೆ ಆಚೆಮನೆ ಜಗಲಿಯಲ್ಲಿ ಕೂತರೆ ಮಾತ್ರ ಅದೇ ಬಾಯಿ ಹಳ್ಳದ ಹಾಗೆ ಹರಿಯುತ್ತಿತ್ತು!

"ಅತ್ಗೇ, ಹುಲಿ ಕಂಡು ಓಡಿದ ಮಂಗ ಉಳ್ಕಂಡ್ತು, ಓಡದ್ದು ಸತ್ತೋತು. ಉಳಿದದ್ರ ತಲೆಯೇ ನಮಗೆ ಬಂದದ್ದು. ಅದ್ಕೇ ತಲೆ ನಂಬಲಕ್ಕು, ದೇವ್ರು ಬೇಡ."

"ತಮಾ, ಹುಲಿಯನ್ನ ದೆವ್ವ ಹೇಳಿ ತಿಳ್ಕಂಡು ಓಡಿದ್ರೂ ಮಂಗ ಉಳ್ಕತ್ತು! ಕಾಲು ಚುರುಕಿದ್ರೆ ತಲೆ ಸರಿ ಇದ್ದು ಹೇಳಿ ಆತಾ?"

ಒಮ್ಮೆ ನಾನೂ ಬಾಯಿ ಹಾಕಿದೆ: "ದೇವ್ರೇ ಕೊಟ್ಟ ತಲೆ ಆದ್ರೆ ನಿನ್ನೆ ಸಾರಿಗೆ ನೀನು ಎರಡು ಸಲ ಉಪ್ಪು ಎಂತಕ್ಕೆ ಹಾಕಿದ್ದೆ ಅಕ್ಕಾ?" ಇಬ್ಬರೂ ನಕ್ಕು ನನ್ನನ್ನು ಚಾ ಮಾಡಲು ಕಳಿಸಿದರು. ಗ್ಯಾಸ್ ಹಚ್ಚುವುದೇ ಬೇಕಿರಲಿಲ್ಲ, ನನ್ನ ಹೊಟ್ಟೆಯ ಉರಿಗೇ ನೀರು ಕುದಿಯುತ್ತಿತ್ತು!

ಮತ್ತೊಂದು ಸಂಜೆ ಚಾ ತಂದಾಗ ವಾರಗಿತ್ತಿ ಹೇಳುತ್ತಿದ್ದಳು: "ತಲೆ ಮಂಗನಿಂದ್ಲೇ ಬಂದದ್ದು ತಮಾ. ದೇವ್ರು ಎಲ್ಲಿದ್ದ?"

ನಾನು ಬೆಚ್ಚಿದೆ. ಅವಳಿಗೆ ಮರೆವು ಶುರುವಾಗಿತ್ತು. ತನ್ನ ಪಕ್ಷ ಯಾವುದೆಂಬುದೇ ತಪ್ಪಿಹೋಗಿತ್ತು. ನಮ್ಮಿಬ್ಬರ ಮುಖ ನೋಡಿ ಅವಳಿಗೂ ಗಾಬರಿ. "ಎಂತ ಆತು? ಆನು ಎಂತಾರೂ ತಪ್ಪು ಹೇಳಿದ್ನಾ?"

ನನ್ನ ಗಂಡ ಲೋಟ ಕೆಳಗಿಟ್ಟರು. ಜನ್ಮದಲ್ಲಿ ಕೈ ಮುಗಿಯದ ಮನುಷ್ಯ, "ತಪ್ಪೇ ಅತ್ಗೇ! ದೇವ್ರು ಇದ್ದ. ಈ ತಲೆ ಅವ್ನೇ ಕೊಟ್ಟದ್ದು" ಎಂದು ಶುರುಮಾಡಿ, ದೀಪ ಹಚ್ಚುವ ಹೊತ್ತಿನವರೆಗೆ ದೇವರ ಪರ ವಾದಿಸಿ ಸೋತರು. ಅವಳು ಚಪ್ಪಾಳೆ ತಟ್ಟಿ ನಕ್ಕಳು.

ಅಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ. ನನ್ನ ತಲೆ ಕೆಟ್ಟರೆ ಇವರು ಇಷ್ಟು ಚೆಂದದ ಸುಳ್ಳು ಹೇಳಿಯಾರೇ?

ಮರುದಿನ ಬೆಳಿಗ್ಗೆ ದೋಸೆ ಬಂಡಿ ಒಲೆಯಿಂದ ಕೆಳಗಿಳಿಸಿ, ಗಂಡನೆದುರು ಮಣೆ ಹಾಕಿಕೊಂಡು ಕೂತೆ.

"ಎರಡೂ ಪಕ್ಷ ಕಲಿಸಿ" ಎಂದೆ. "ಸಂಜೆ ಅಕ್ಕನ ಹತ್ರ ಸೋಲಲಿಕ್ಕೆ ಆನೂ ಬತ್ತೆ."