ಮಾವನವರ ಮುಖದ ಚುಕ್ಕೆಗಳು

ರತ್ನದೀಪ ಮಾಸ್ತರ ಕೈಯಲ್ಲಿ ತೆರೆಯದ ಫೈಲು ಸೇಡಂ ತಾಲ್ಲೂಕಿನಲ್ಲೇ ಇನ್ನೂ ಹುಟ್ಟಿಲ್ಲ! ಹೀಗೆಂದು ಒಂದು ಗುರುವಾರ ಹೆಂಡತಿಯ ಎದುರು ಘೋಷಿಸಿದವನು ಸಾಕ್ಷಾತ್ ರತ್ನದೀಪ ಮಾಸ್ತರನೇ, ಅಂದರೆ ನಾನು. ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕಲಿಸಿದವನು ಅಷ್ಟೂ ಹೇಳದಿದ್ದರೆ ಹೇಗೆ?

ನನ್ನ ಹೆಂಡತಿ ಲುಂಬಿನಿಯ ತಂದೆ ಭೀಮಶ್ಯಾ ತೀರಿಕೊಂಡು ಬಹಳ ವರ್ಷಗಳಾದವು. ಅವರದು ಇದ್ದದ್ದೇ ಒಂದು ಫೋಟೋ. ಅದೂ ಗೋಡೆಯ ತೇವಕ್ಕೆ ಗಾಜಿಗೆ ಅಂಟಿ ಹಾಳಾಯಿತು. ಪುಣ್ಯಕ್ಕೆ ಲುಂಬಿನಿ ಕಾಲೇಜಿನ ದಿನಗಳಲ್ಲೇ ಅದನ್ನು ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿದ್ದಳು. ಫ್ಲಾಪಿಯಿಂದ ಪೆನ್‌ಡ್ರೈವಿಗೆ ಬಂದಿದ್ದ ಆ ಫೈಲು ಪಿಸಿಎಕ್ಸ್ ಎಂಬ ಹಳೇ ನಮೂನೆಯದು. ಮೊಬೈಲು ಅದನ್ನು ಮೂಸಿಯೂ ನೋಡಲಿಲ್ಲ. ಫೋಟೋ ಅಂಗಡಿಯವನು ಕೈಮುಗಿದ. ರವಿವಾರ ಶಹಾಬಾದಿನಲ್ಲಿ ಮಾವನವರ ನೆನಪಿನ ದಿನ. ಅತ್ತೆ ಭೀಮಬಾಯಿ ಹೊಸ ಚೌಕಟ್ಟು ತಂದಿಟ್ಟುಕೊಂಡು ಕಾಯುತ್ತಿದ್ದರು.

"ಮೊದಲ ಒಂದು ಕಾಪಿ ಮಾಡಿ ಇಟ್ಕೋರಿ," ಎಂದಳು ಲುಂಬಿನಿ.

"ಕಾಪಿ ಹೊಡಿಯೋರು ಓದಲಾರದ ಹುಡುಗರು!" ಎಂದೆ.

ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಸಾಫ್ಟ್‌ವೇರು, ಹಳೆಯ ಫೈಲಿನ ಜಾಗದಲ್ಲೇ ಹೊಸದನ್ನು ಇಡಲೇ ಎಂದು ವಿನಯದಿಂದ ಕೇಳಿತು. ಅಪ್ಪಣೆ ಕೊಟ್ಟೆ. ಪಿಸಿಎಕ್ಸ್ ಹೋಗಿ ಟಿಫ್ ಎಂಬ ಬೇರೆ ನಮೂನೆಯಾಯಿತು. ಪರದೆಯ ಮೇಲೆ ಮಾವನವರು ಪ್ರತ್ಯಕ್ಷರಾದರು. ಮುಖ ಪೂರಾ ನೀಲಿ!

ಕೆಂಪು, ನೀಲಿ ಅದಲುಬದಲಾಗಿವೆ ಎಂದು ತಿಳಿದದ್ದು ಆಮೇಲೆ. ಆಗ ತಿಳಿದದ್ದು, ಅಡುಗೆಮನೆಯಿಂದ ಲುಂಬಿನಿ ಬರುತ್ತಿದ್ದಾಳೆ ಎಂಬುದಷ್ಟೆ. ಬಣ್ಣದ ಸಹವಾಸವೇ ಬೇಡವೆಂದು ಚಿತ್ರವನ್ನು ಕಪ್ಪು-ಬಿಳುಪು ಮಾಡಿ ಜಿಫ್ ಎಂಬ ಇನ್ನೊಂದು ನಮೂನೆಗೆ ತಳ್ಳಿದೆ. ಎಷ್ಟು ಛಾಯೆ ಬೇಕು ಎಂದಿತು. ನಾಲ್ಕು ಸಾಕು ಎಂದೆ. ಹಳೆಯದನ್ನು ಅಳಿಸಲೇ ಎಂದಿತು. ಅಳಿಸು ಎಂದೆ.

ಛಾಯೆ ಸಾಲದೆ ಈಗ ಮಾವನವರ ಹಣೆ, ಮೀಸೆ, ಕೆನ್ನೆಯ ತುಂಬ ಬೂದು ಚುಕ್ಕೆ. ಯಾರೋ ಮೇಲೆ ನಿಂತು ಹಿಟ್ಟು ಜರಡಿ ಹಿಡಿದಂತಿತ್ತು.

"ಏನ್ ಮಾಡೀರಿ ಇದು?"

"ಪರಿವರ್ತನೆ ನಡದದ."

"ಮೊದಲಿಂದು ಎಲ್ಲಿ ಅದ?"

ಪೆನ್‌ಡ್ರೈವ್ ತೆರೆದು ತೋರಿಸಿದೆ, ಇದ್ದದ್ದು ಚುಕ್ಕೆಯ ಫೈಲೊಂದೇ. ಅವಳು ಬೈಯಲಿಲ್ಲ. "ಅಪ್ಪಂದು ಅದೊಂದೇ ಇತ್ತು," ಎಂದು ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಎರಡು ದಿನ ಅಳಿಸಿದ್ದನ್ನು ಮರಳಿ ತರಲು ಹೆಣಗಿದೆ. ಸ್ಕ್ಯಾನ್ ಮಾಡಿದ ಸೆಂಟರನ್ನು ಹುಡುಕಿಸಿದೆ, ಅಲ್ಲೀಗ ಬೇಕರಿ! ಕೊನೆಗೆ ಚುಕ್ಕೆಯ ಮಾವನವರನ್ನೇ ಪ್ರಿಂಟ್ ಹಾಕಿಸಿಕೊಂಡು ರವಿವಾರ ರೈಲು ಹತ್ತಿದೆವು. ವಾಡಿಯಲ್ಲಿ ಗಾಡಿ ಬದಲಿಸುವಾಗ, ಎದುರು ದಿಕ್ಕಿನ ಗಾಡಿ ಹತ್ತಿ ಒಬ್ಬನೇ ಹೋಗಿಬಿಡಲೇ ಎಂದೂ ಅನಿಸಿತು.

ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತೆ. "ಅತ್ತಿ, ನನ್ನ ಕೈಲಿಂದ ಫೋಟೋ ಕೆಟ್ಟದರಿ."

ಅವರು ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದರು. ಹತ್ತಿರ ತಂದು, ದೂರ ಹಿಡಿದು ನೋಡಿದರು.

"ಲುಂಬಿನಿ, ಇಲ್ಲಿ ನೋಡವ್ವ," ಎಂದರು. "ಸಂಜಿಮುಂದ ಕಲ್ಲು ಪಾಲಿಶ್ ಮಷಿನ್ ಬಿಟ್ಟು ಮನಿಗಿ ಬಂದ್ರ ನಿಮ್ಮಪ್ಪನ ಮಾರಿ ತುಂಬ ಧೂಳು ಹಿಂಗೇ ಇರ್ತಿತ್ತು. ಮೊದಲಿನ ಫೋಟೋದಾಗ ಆ ಸ್ಟುಡಿಯೋದಾಂವ ಪೌಡರ್ ಬಳದು ಯಾರ್ನೋ ಮಾಡಿಟ್ಟಿದ್ದ. ಇವ್ರು ನೋಡು, ನಮ್ಮವ್ರು!"

ಲುಂಬಿನಿ ಅಳುತ್ತಲೇ ನಕ್ಕಳು. ಅತ್ತೆ ಸೆರಗಿನಿಂದ ಗಾಜು ಒರೆಸಿ ಚಿತ್ರವನ್ನು ಚೌಕಟ್ಟಿಗೆ ಕೂಡಿಸಿದರು. ನನ್ನ ಎದೆ ಮತ್ತೆ ಉಬ್ಬತೊಡಗಿತು!

"ಅತ್ತಿ, ಆ ಚುಕ್ಕಿ ಇನ್ನಾ ಸಣ್ಣ ಮಾಡಿ ಕೊಡ್ಲೇನ್ರಿ?" ಎಂದು ಕಿಸೆಯಿಂದ ಪೆನ್‌ಡ್ರೈವ್ ತೆಗೆದೆ.

ಅತ್ತೆ ಕೈಚಾಚಿ ಪೆನ್‌ಡ್ರೈವ್ ಇಸಿದುಕೊಂಡರು. ಸೆರಗಿನ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡರು.

"ಅಳಿಯಂದ್ರೇ, ಕೆಡಿಸಿದ್ದು ಭಾಳ ಛಲೋ ಆಗ್ಯಾದ. ಇನ್ನ ಛಲೋ ಮಾಡ್ಲಾಕ ಹೋಗಬ್ಯಾಡ್ರಿ."